ಒಣ ಬುಶಿಂಗ್ ಹಾಕಿದರೆ ಬೆಂಕಿಯ ಭಯ ಹೋಯಿತೇ?

2025ರ ಮಾರ್ಚ್ 20ರ ರಾತ್ರಿ ಪಶ್ಚಿಮ ಲಂಡನ್ನಿನ ನಾರ್ತ್ ಹೈಡ್ ಸಬ್‌ಸ್ಟೇಷನ್‌ನಲ್ಲಿ 275 ಕೆ.ವಿ. ಟ್ರಾನ್ಸ್‌ಫಾರ್ಮರ್ ಒಂದು ಹೊತ್ತಿ ಉರಿಯಿತು. ಮರುದಿನ ಹೀಥ್ರೂ ವಿಮಾನ ನಿಲ್ದಾಣ ಹೆಚ್ಚುಕಡಿಮೆ ಇಡೀ ದಿನ ಮುಚ್ಚಿತ್ತು. ಬ್ರಿಟನ್ನಿನ ವಿದ್ಯುತ್ ಜಾಲ ನಿರ್ವಹಿಸುವ ನೀಸೊ ಸಂಸ್ಥೆ ಅದೇ ವರ್ಷದ ಜುಲೈನಲ್ಲಿ ಅಂತಿಮ ವರದಿ ಕೊಟ್ಟಿತು. ಅದು ಬೊಟ್ಟು ಮಾಡಿದ್ದು ಟ್ರಾನ್ಸ್‌ಫಾರ್ಮರ್‌ನ ಒಂದು ಹೈವೋಲ್ಟೇಜ್ ಬುಶಿಂಗ್‌ನತ್ತ, ಅಂದರೆ ವಾಹಕವನ್ನು ಟ್ಯಾಂಕಿನಿಂದ ಹೊರತರುವ ಇನ್ಸುಲೇಷನ್ ಕಂಬದತ್ತ. ಬುಶಿಂಗ್‌ನೊಳಗೆ ತೇವಾಂಶ ಸೇರಿ ಶಾರ್ಟ್ ಆಗಿ, ಎಣ್ಣೆಗೆ ಬೆಂಕಿ ಹತ್ತಿರುವ ಸಾಧ್ಯತೆಯೇ ಹೆಚ್ಚು ಎಂದು ವರದಿ ಹೇಳಿತು. ಅದರಲ್ಲೇ ಇನ್ನೊಂದು ಮಾತಿದೆ: ಆ ಬುಶಿಂಗ್‌ನ ಎಣ್ಣೆಯಲ್ಲಿ ತೇವಾಂಶ ಏರಿರುವುದು 2018ರ ಜುಲೈನಲ್ಲೇ ಪರೀಕ್ಷೆಯಲ್ಲಿ ಕಂಡಿತ್ತು, ಆದರೆ ಅದರ ಗಂಭೀರತೆಗೆ ತಕ್ಕ ಕ್ರಮ ಆಗಿರಲಿಲ್ಲ.

ಇಂಥ ಘಟನೆಗಳ ಬೆನ್ನಿಗೆ ಬರುವ ಪ್ರಶ್ನೆ ಒಂದೇ. ಎಣ್ಣೆ ತುಂಬಿದ ಬುಶಿಂಗ್‌ಗಳನ್ನೆಲ್ಲ ತೆಗೆದು, ಎಣ್ಣೆಯ ಬದಲು ಘನ ರೆಸಿನ್ ಇರುವ ಒಣ ಬುಶಿಂಗ್ ಹಾಕಿಬಿಟ್ಟರೆ ಆಗದೇ? ಹೊಸ ಟ್ರಾನ್ಸ್‌ಫಾರ್ಮರ್‌ಗಳ ಮಟ್ಟಿಗೆ ಉತ್ತರ ಬಹುತೇಕ ಹೌದು. ಆದರೆ ಒಣ ಬುಶಿಂಗ್‌ಗೆ ತನ್ನದೇ ದೌರ್ಬಲ್ಯಗಳಿವೆ. ಎಣ್ಣೆ ಬುಶಿಂಗ್ ಹಾಳಾಗುವ ಜಾಗ ಬೇರೆ, ಇದು ಹಾಳಾಗುವ ಜಾಗ ಬೇರೆ. ಉಗ್ರಾಣದಲ್ಲಿ, ಅಳತೆಗೆಂದು ಬಿಟ್ಟಿರುವ ಟೆಸ್ಟ್ ಟ್ಯಾಪ್‌ನಲ್ಲಿ, ತಲೆಯ ಮೇಲಿನ ಸೀಲ್‌ನಲ್ಲಿ ಎಡವಿದರೆ ಹೆಚ್ಚು ಹಣ ಕೊಟ್ಟು ತಂದ ಒಣ ಬುಶಿಂಗ್ ಕೂಡ ಟ್ರಾನ್ಸ್‌ಫಾರ್ಮರ್ ಅನ್ನು ಉಳಿಸುವುದಿಲ್ಲ.

ಒಳಗೆ ಇರುವುದೇನು

ಬುಶಿಂಗ್‌ನ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಅರ್ಥ್ ಆಗಿರುವ ಉಕ್ಕಿನ ಟ್ಯಾಂಕಿನ ಗೋಡೆಯೊಳಗಿಂದ ಹೈವೋಲ್ಟೇಜ್ ವಾಹಕವನ್ನು ಹೊರಗೆ ತರಬೇಕು. ವಾಹಕ ಗೋಡೆಯನ್ನು ದಾಟುವ ಜಾಗದಲ್ಲಿ, ಅಂದರೆ ಬುಶಿಂಗ್ ಅನ್ನು ಟ್ಯಾಂಕಿಗೆ ಬಿಗಿಯುವ ಲೋಹದ ಬಳೆಯಾದ ಫ್ಲ್ಯಾಂಜ್‌ನ ಅಂಚಿನಲ್ಲಿ, ವಿದ್ಯುತ್ ಕ್ಷೇತ್ರ ಮುದ್ದೆಗಟ್ಟುತ್ತದೆ. ಬರೀ ದಪ್ಪ ಇನ್ಸುಲೇಷನ್ ಸುತ್ತಿದರೆ ಪ್ರಯೋಜನವಿಲ್ಲ, ಆ ಅಂಚಿನಲ್ಲೇ ಸೀಳುತ್ತದೆ. ಅದಕ್ಕೆ ಕಂಡೆನ್ಸರ್ ಕೋರ್ ಬಂತು. ವಾಹಕದ ಸುತ್ತ ಕಾಗದ ಸುತ್ತುತ್ತ ನಡುನಡುವೆ ತೆಳ್ಳಗಿನ ಅಲ್ಯೂಮಿನಿಯಂ ಫಾಯಿಲ್ ಸೇರಿಸುತ್ತಾರೆ. ಒಳಗಿನ ಫಾಯಿಲ್ ಉದ್ದ, ಹೊರಗೆ ಬಂದಂತೆ ಗಿಡ್ಡ. ಒಂದೊಂದು ಜೋಡಿ ಫಾಯಿಲ್ ಒಂದೊಂದು ಪುಟ್ಟ ಕೆಪ್ಯಾಸಿಟರ್ ಆಗಿ, ಒಟ್ಟು ವೋಲ್ಟೇಜ್ ಎಲ್ಲ ಪದರಗಳಿಗೂ ಸಮನಾಗಿ ಹಂಚಿಹೋಗುತ್ತದೆ.

245 ಕೆ.ವಿ. ಬುಶಿಂಗ್‌ನಲ್ಲಿ ವಾಹಕಕ್ಕೂ ಅರ್ಥ್‌ಗೂ ನಡುವೆ ಹೆಚ್ಚೆಂದರೆ ಸುಮಾರು 141 ಕೆ.ವಿ. ಇರುತ್ತದೆ (245 ಎನ್ನುವುದು ಎರಡು ಫೇಸ್‌ಗಳ ನಡುವಿನ ಅಂಕಿ). 40 ಪದರಗಳಿವೆ ಎಂದಿಟ್ಟುಕೊಂಡರೆ ಒಂದು ಪದರದ ಪಾಲಿಗೆ ಮೂರೂವರೆ ಕೆ.ವಿ. ಒಂದು ಪದರ ಶಾರ್ಟ್ ಆದರೆ ಉಳಿದ 39 ಪದರಗಳು ಆ ಭಾರ ಹೊರುತ್ತವೆ, ಒಟ್ಟು ಕೆಪ್ಯಾಸಿಟೆನ್ಸ್ ಸುಮಾರು ಶೇ. 2.5ರಷ್ಟು ಏರುತ್ತದೆ. ಬುಶಿಂಗ್ ಆರೋಗ್ಯದ ಚರ್ಚೆಯೆಲ್ಲ ಕೊನೆಗೆ ಈ ಅಂಕಿಗೇ ಬಂದು ನಿಲ್ಲುತ್ತದೆ.

ವಾಹಕದಿಂದ ಟೆಸ್ಟ್ ಟ್ಯಾಪ್‌ಗೆ ಜೋಡಿಸಿದ ಕೊನೆಯ ಫಾಯಿಲ್‌ವರೆಗಿನ ಕೆಪ್ಯಾಸಿಟೆನ್ಸನ್ನು ಸಿ1 ಎನ್ನುತ್ತಾರೆ. ಆ ಫಾಯಿಲ್‌ನಿಂದ ಫ್ಲ್ಯಾಂಜ್‌ವರೆಗಿನದು ಸಿ2. ಈ ವರ್ಗದ ಬುಶಿಂಗ್‌ಗಳಲ್ಲಿ ಸಿ1 ಕೆಲವು ನೂರು ಪಿಕೋಫ್ಯಾರಡ್‌ಗಳಷ್ಟಿರುತ್ತದೆ. 400 ಪಿಕೋಫ್ಯಾರಡ್ ಎಂದು ಹಿಡಿದರೆ 50 ಹರ್ಟ್ಜ್‌ನಲ್ಲಿ 141 ಕೆ.ವಿ.ಗೆ ಸುಮಾರು 18 ಮಿಲಿಆಂಪಿಯರ್ ಚಾರ್ಜಿಂಗ್ ಕರೆಂಟು ಕೋರ್ ಮೂಲಕ ಹಗಲು ರಾತ್ರಿ ಅರ್ಥ್‌ಗೆ ಹರಿಯುತ್ತಿರುತ್ತದೆ. ಇನ್ಸುಲೇಷನ್‌ನಲ್ಲಿ ಶಾಖವಾಗಿ ಕಳೆದುಹೋಗುವ ಪಾಲನ್ನು ತೋರಿಸುವ ಟ್ಯಾನ್ ಡೆಲ್ಟಾ ಶೇ. 0.4 ಇದ್ದರೆ ಅದರಲ್ಲಿ ಶಾಖವಾಗಿ ಹೋಗುವುದು ಸುಮಾರು 10 ವಾಟ್ ಮಾತ್ರ. ಆದರೆ ಈ ನಷ್ಟ ವೋಲ್ಟೇಜನ್ನು ಅದರಿಂದಲೇ ಗುಣಿಸಿದಷ್ಟಕ್ಕೆ ತಕ್ಕಂತೆ ಏರುತ್ತದೆ. 550 ಕೆ.ವಿ. ಬುಶಿಂಗ್‌ನಲ್ಲಿ, 500 ಪಿಕೋಫ್ಯಾರಡ್‌ಗೆ, ಅದೇ ಟ್ಯಾನ್ ಡೆಲ್ಟಾದಲ್ಲಿ 60 ವಾಟ್ ದಾಟುತ್ತದೆ. ಟ್ಯಾನ್ ಡೆಲ್ಟಾ ಶೇ. 1.5ಕ್ಕೆ ಹೋದರೆ 230 ವಾಟ್ ಮೀರುತ್ತದೆ. ದಪ್ಪ ಇನ್ಸುಲೇಷನ್‌ನೊಳಗೆ ಹುಟ್ಟಿದ ಈ ಶಾಖಕ್ಕೆ ಹೊರಬರಲು ದಾರಿ ಕಡಿಮೆ. ಬಿಸಿ ಏರಿದರೆ ನಷ್ಟ ಏರುತ್ತದೆ, ನಷ್ಟ ಏರಿದರೆ ಇನ್ನಷ್ಟು ಬಿಸಿ. 145 ಕೆ.ವಿ.ಯಲ್ಲಿ ಸಹಿಸಿಕೊಳ್ಳಬಹುದಾದ ಟ್ಯಾನ್ ಡೆಲ್ಟಾವನ್ನು 420 ಅಥವಾ 550 ಕೆ.ವಿ.ಯಲ್ಲಿ ಸಹಿಸಬಾರದು ಎನ್ನುವುದಕ್ಕೆ ಕಾರಣ ಇದು.

ಎಣ್ಣೆ ಕಾಗದ, ರೆಸಿನ್ ಕಾಗದ, ಕಾಗದವೇ ಇಲ್ಲದ್ದು

ಓಐಪಿ ಎಂದರೆ ಒಣಗಿಸಿದ ಕ್ರಾಫ್ಟ್ ಕಾಗದವನ್ನು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ನೆನೆಸಿ, ಸಾಮಾನ್ಯವಾಗಿ ಪಿಂಗಾಣಿ ಕವಚದೊಳಗೆ ಮುಚ್ಚಿಟ್ಟ ಬುಶಿಂಗ್. ತಲೆಯ ಮೇಲೆ ಎಣ್ಣೆ ಹಿಗ್ಗಲು ಪುಟ್ಟ ಕೋಣೆ, ಎಣ್ಣೆ ಮಟ್ಟದ ಗೇಜ್, ಗ್ಯಾಸ್ಕೆಟ್‌ಗಳು, ಇವನ್ನೆಲ್ಲ ಬಿಗಿಹಿಡಿಯುವ ಸ್ಪ್ರಿಂಗ್‌ಗಳು. ಹೊಸದಾಗಿದ್ದಾಗ ವಿದ್ಯುತ್ ಗುಣದಲ್ಲಿ ಇದಕ್ಕೆ ಸಾಟಿ ಕಡಿಮೆ. ಸಮಸ್ಯೆ ಬರುವುದು ಗ್ಯಾಸ್ಕೆಟ್‌ಗಳಿಂದ. ರಬ್ಬರ್ ಗಟ್ಟಿಯಾಗಿ, ಎಣ್ಣೆ ಹೊರಗೆ ಜಿನುಗಿದ ಜಾಗದಿಂದಲೇ ತೇವ ಒಳಗೆ ಬರುತ್ತದೆ. ಕಾಗದ ಅದನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕೊನೆಗೆ ಒಳಗೆ ಆರ್ಕ್ ಹೊಡೆದರೆ ಎಣ್ಣೆ ಕ್ಷಣದಲ್ಲಿ ಅನಿಲವಾಗಿ, ಪಿಂಗಾಣಿ ಸಿಡಿದು ಚೂರುಗಳು ಅಕ್ಕಪಕ್ಕದ ಬುಶಿಂಗ್‌ಗಳಿಗೂ ಬಡಿಯುತ್ತವೆ. ಟ್ರಾನ್ಸ್‌ಫಾರ್ಮರ್ ಕೆಡಲು ವೈಂಡಿಂಗ್, ಟ್ಯಾಪ್ ಚೇಂಜರ್ ಮುಂತಾದ ಕಾರಣಗಳೂ ಇವೆ. ಆದರೆ ಬುಶಿಂಗ್ ಕೆಟ್ಟಾಗ ಅದು ಬೆಂಕಿ, ಸ್ಫೋಟಗಳಲ್ಲಿ ಮುಗಿಯುವ ಸಂಭವ ಹೆಚ್ಚು.

ಆರ್‌ಐಪಿಯಲ್ಲಿ ಸುಕ್ಕುಗಟ್ಟಿಸಿದ ಕ್ರೇಪ್ ಕಾಗದ ಸುತ್ತಿ, ನಿರ್ವಾತದಲ್ಲಿ ಒಣಗಿಸಿ, ಎಪಾಕ್ಸಿ ರೆಸಿನ್ ಹೀರಿಸಿ ಗಟ್ಟಿಮಾಡುತ್ತಾರೆ. ಸುಕ್ಕಿನ ಸಂದುಗಳಲ್ಲಿ ರೆಸಿನ್ ಒಳಕ್ಕಿಳಿಯುತ್ತದೆ. ಆಮೇಲೆ ಆ ಘನ ಕಂಬವನ್ನು ಲೇತ್‌ನಲ್ಲಿ ಕಡೆದು ಆಕಾರ ಕೊಡುತ್ತಾರೆ. ಟ್ಯಾಂಕಿನ ಒಳಗೆ ಎಣ್ಣೆಯಲ್ಲಿ ಮುಳುಗುವ ತುದಿಗೆ ಪಿಂಗಾಣಿಯೂ ಇಲ್ಲ, ಬೇರೆ ಕವಚವೂ ಇಲ್ಲ. ಬರಿಯ ಎಪಾಕ್ಸಿ ಮೈಯೇ ಎಣ್ಣೆಗೆ ತಾಗಿರುತ್ತದೆ. ಗಾಳಿಯ ಕಡೆಗೆ ಸಿಲಿಕೋನ್ ರಬ್ಬರ್ ರೆಕ್ಕೆಗಳು. ಈ ಸಿಲಿಕೋನನ್ನು ಕೋರ್ ಮೇಲೆ ನೇರವಾಗಿ ಅಚ್ಚು ಹಾಕುವುದು ಒಂದು ಬಗೆ. ಗಾಜಿನ ನಾರಿನ ಕೊಳವೆಯ ಮೇಲೆ ಸಿಲಿಕೋನ್ ಹಾಕಿ, ಕೊಳವೆಗೂ ಕೋರ್‌ಗೂ ನಡುವಿನ ಸಂದಿಗೆ ಫೋಮ್ ಅಥವಾ ಜೆಲ್ ತುಂಬುವುದು ಇನ್ನೊಂದು. ಎರಡನ್ನೂ ಒಣ ಎಂದೇ ಮಾರುತ್ತಾರೆ. ಕೆಲವು ಹಳೆಯ ವಿನ್ಯಾಸಗಳಲ್ಲಿ ರೆಸಿನ್ ಕೋರ್ ಇದ್ದರೂ ಪಿಂಗಾಣಿ ಕವಚದ ಸಂದಿಗೆ ಎಣ್ಣೆಯನ್ನೇ ತುಂಬಿರುತ್ತಾರೆ. ಆದ್ದರಿಂದ ಆರ್‌ಐಪಿ ಎಂಬ ಮೂರಕ್ಷರ ನೋಡಿ ಒಳಗೆ ಎಣ್ಣೆಯಿಲ್ಲ ಎಂದು ತೀರ್ಮಾನಿಸಬಾರದು. ಸಂದಿಯಲ್ಲಿ ಏನಿದೆ ಎಂದು ಡ್ರಾಯಿಂಗ್‌ನಲ್ಲಿ ನೋಡಿಯೇ ತಿಳಿಯಬೇಕು.

ಆರ್‌ಐಎಸ್ ಇತ್ತೀಚಿನದು. ಕಾಗದದ ಬದಲು ಸಿಂಥೆಟಿಕ್ ನಾರಿನ ಬಟ್ಟೆ ಅಥವಾ ಜಾಲರಿ. ಈ ನಾರು ಕಾಗದದಂತೆ ನೀರು ಹೀರುವುದಿಲ್ಲ. ಸುತ್ತಿದ ಕೋರನ್ನು ದಿನಗಟ್ಟಲೆ ಒಣಗಿಸುವ ಹಂತ ತಯಾರಿಕೆಯಲ್ಲಿ ಬಹುತೇಕ ತಪ್ಪುತ್ತದೆ. ಉಗ್ರಾಣದಲ್ಲೂ ಅದನ್ನು ನೋಡಿಕೊಳ್ಳುವುದು ಹಗುರ. ಹೊಸ ಖರೀದಿಯಲ್ಲಿ ಎರಡೂ ಸಿಗುವಂತಿದ್ದು, ಬೇಕಾದ ವೋಲ್ಟೇಜ್ ವರ್ಗದಲ್ಲಿ ತಯಾರಕರಿಗೆ ಸಾಕಷ್ಟು ವರ್ಷಗಳ ಅನುಭವವಿದ್ದರೆ ಆರ್‌ಐಎಸ್ ಕಡೆಗೇ ವಾಲುವುದು ಸರಿ. ಅತಿ ಹೆಚ್ಚಿನ ವೋಲ್ಟೇಜ್‌ಗಳಲ್ಲಿ ಆರ್‌ಐಪಿಯ ಬೆನ್ನಿಗಿರುವ ದಶಕಗಳ ಚರಿತ್ರೆಗೆ ಈಗಲೂ ಬೆಲೆಯಿದೆ.

ಐಇಸಿ 60137 ಮಾನದಂಡದಲ್ಲಿ ಓಐಪಿ, ಆರ್‌ಐಪಿ ಎರಡಕ್ಕೂ ಟ್ಯಾನ್ ಡೆಲ್ಟಾ ಮಿತಿ 0.007, ಅಂದರೆ ಶೇ. 0.7. ಒಳ್ಳೆಯ ಬುಶಿಂಗ್‌ಗಳು ಕಾರ್ಖಾನೆಯಿಂದ ಇದಕ್ಕಿಂತ ಸಾಕಷ್ಟು ಕಡಿಮೆಯಲ್ಲೇ ಹೊರಬರುತ್ತವೆ. ಉಷ್ಣತೆಯ ವಿಷಯದಲ್ಲಿ ಒಣ ಬುಶಿಂಗ್ ಮುಂದೆ: ಎಣ್ಣೆ ಕಾಗದದ ಅತಿ ಬಿಸಿಯ ಜಾಗಕ್ಕೆ 105 ಡಿಗ್ರಿ ಸೆಲ್ಸಿಯಸ್ ಮಿತಿಯಾದರೆ ರೆಸಿನ್ ಕಾಗದಕ್ಕೆ 120. ಕೂರಿಸುವ ಕೋನದಲ್ಲೂ ಅನುಕೂಲವಿದೆ. ಎಣ್ಣೆ ಬುಶಿಂಗ್ ಅನ್ನು ಲಂಬದಿಂದ ಇಂತಿಷ್ಟೇ ಡಿಗ್ರಿ ಓರೆ ಮಾಡಬಹುದು ಎಂಬ ಮಿತಿ ಇರುತ್ತದೆ. ಒಣ ಬುಶಿಂಗ್ ಅನ್ನು ಅಡ್ಡವಾಗಿಯೂ ಕೂರಿಸಬಹುದು.

ರೆಸಿನ್ ಎಲ್ಲಿ ಬಿರಿಯುತ್ತದೆ

ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಬಿಡುತ್ತದೆ, ಕುಗ್ಗುತ್ತದೆ. ದೊಡ್ಡ ಕೋರ್‌ನ ನಡುಭಾಗ ಬಿಸಿಯಾಗಿ ಹೊರಭಾಗ ತಣ್ಣಗಿದ್ದರೆ ಪದರಗಳ ನಡುವೆ ಸೆಳೆತ ಉಳಿದುಬಿಡುತ್ತದೆ. ಅವಸರದಲ್ಲಿ ಗಟ್ಟಿಮಾಡಿದ ಕೋರ್‌ನಲ್ಲಿ ಕಣ್ಣಿಗೆ ಕಾಣದ ಬಿರುಕು, ಗಾಳಿಗುಳ್ಳೆಗಳು ಉಳಿಯುತ್ತವೆ. ಎಣ್ಣೆ ಬುಶಿಂಗ್‌ನಲ್ಲಿ ಸಣ್ಣ ಗುಳ್ಳೆ ಕ್ರಮೇಣ ಎಣ್ಣೆಯಲ್ಲಿ ಕರಗಿಹೋಗಬಹುದು. ಘನ ರೆಸಿನ್‌ನಲ್ಲಿ ಗುಳ್ಳೆ ಎಲ್ಲಿ ಹುಟ್ಟಿತೋ ಅಲ್ಲೇ ಇರುತ್ತದೆ. ಅದರೊಳಗೆ ಭಾಗಶಃ ಡಿಸ್ಚಾರ್ಜ್, ಅಂದರೆ ಇನ್ಸುಲೇಷನ್ ಪೂರ್ತಿ ಸೀಳದೆ ಗುಳ್ಳೆಯಲ್ಲಷ್ಟೇ ಹೊಡೆಯುವ ಸಣ್ಣ ಕಿಡಿ, ಶುರುವಾದರೆ ಸುತ್ತಲಿನ ರೆಸಿನ್ ಇಂಗಾಲವಾಗುತ್ತ ಹೋಗುತ್ತದೆ, ತಾನಾಗಿ ವಾಸಿಯಾಗುವುದಿಲ್ಲ. ಆದ್ದರಿಂದ ಕಾರ್ಖಾನೆಯ ಭಾಗಶಃ ಡಿಸ್ಚಾರ್ಜ್ ಪರೀಕ್ಷೆಯನ್ನು ಖರೀದಿದಾರರು ಕಾಗದದ ಮೇಲಿನ ಔಪಚಾರಿಕತೆ ಎಂದುಕೊಳ್ಳಬಾರದು. ಸಾಮಾನ್ಯವಾಗಿ ಒಪ್ಪಿಕೊಳ್ಳುವ ಮಿತಿ 10 ಪಿಕೋಕೂಲಂಬ್. ವೋಲ್ಟೇಜ್ ಏರಿಸುವಾಗ ಯಾವ ಹಂತದಲ್ಲಿ ಡಿಸ್ಚಾರ್ಜ್ ಶುರುವಾಯಿತು, ಇಳಿಸುವಾಗ ಯಾವ ಹಂತದಲ್ಲಿ ನಿಂತಿತು ಎನ್ನುವ ದಾಖಲೆಯನ್ನೂ ಕೇಳಿ ಪಡೆಯಬೇಕು.

ಸೇವೆಗೆ ಬಂದ ಮೇಲೆ ಎದುರಾಗುವುದು ಹಿಗ್ಗು ಕುಗ್ಗು. ಮೂರು ಮೀಟರ್ ಉದ್ದದ ಅಲ್ಯೂಮಿನಿಯಂ ವಾಹಕ 60 ಡಿಗ್ರಿ ಬಿಸಿಯೇರಿದರೆ ನಾಲ್ಕು ಮಿಲಿಮೀಟರ್‌ಗಿಂತ ತುಸು ಹೆಚ್ಚೇ ಉದ್ದವಾಗುತ್ತದೆ. ತಾಮ್ರವಾದರೆ ಮೂರು ಮಿಲಿಮೀಟರ್ ಚಿಲ್ಲರೆ. ರೆಸಿನ್ ಕೋರ್ ಹಿಗ್ಗುವ ಪ್ರಮಾಣ ಬೇರೆ. ವಾಹಕವನ್ನೂ ಕೋರನ್ನೂ ಒಂದಕ್ಕೊಂದು ಗಟ್ಟಿಯಾಗಿ ಅಂಟಿಸಿಬಿಟ್ಟರೆ ಲೋಡ್ ಏರಿಳಿದಾಗಲೆಲ್ಲ ಅಂಟು ಸೀಳುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಇವೆರಡರ ನಡುವೆ ಒತ್ತಡ ನುಂಗುವ ಮೃದು ಪದರ ಇರುತ್ತದೆ, ಇಲ್ಲವೇ ವಾಹಕ ಒಂದು ತುದಿಯಲ್ಲಿ ಜಾರಲು ಎಡೆ ಇರುತ್ತದೆ. ಹಗಲು ಪೂರ್ತಿ ಲೋಡ್, ರಾತ್ರಿ ಸೊನ್ನೆ ಎನ್ನುವ ಸೌರ ವಿದ್ಯುತ್ ಸಬ್‌ಸ್ಟೇಷನ್‌ಗಳಲ್ಲಿ ಈ ಹಿಗ್ಗು ಕುಗ್ಗು ದಿನಕ್ಕೊಂದು ಸಲ ತಪ್ಪದೆ ನಡೆಯುತ್ತದೆ. ಅಲ್ಲಿಗೆ ಕೊಳ್ಳುವಾಗ ಈ ಸಂಪರ್ಕದ ಅಡ್ಡಕೊಯ್ತದ ಚಿತ್ರ ಕೇಳುವುದು ತಪ್ಪಲ್ಲ.

ಉಗ್ರಾಣದಲ್ಲಿ ಹಾಳಾಗುವ ಬುಶಿಂಗ್

ಒಣ ಬುಶಿಂಗ್ ಬಗ್ಗೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಘನವಾಗಿದೆ, ಎಣ್ಣೆ ಸೋರುವ ಭಯವಿಲ್ಲ, ಹಾಗಾಗಿ ಮೂಲೆಯಲ್ಲಿಟ್ಟು ಮರೆಯಬಹುದು ಎಂದು ಅನೇಕರು ತಿಳಿಯುತ್ತಾರೆ. ಆದರೆ ಆರ್‌ಐಪಿಯ ಎಣ್ಣೆ ಕಡೆಯ ತುದಿಯನ್ನು ಶಂಕುವಿನಂತೆ ಕಡೆದಿರುವುದರಿಂದ ಕಾಗದದ ಪದರಗಳ ಅಂಚುಗಳು ಮೈಯವರೆಗೂ ಬಂದಿರುತ್ತವೆ. ಗಾಳಿಯ ತೇವ ಆ ಅಂಚುಗಳಿಂದ ಒಳಕ್ಕೆ ಇಳಿಯುತ್ತದೆ. ವೇಗ ಕಡಿಮೆಯೇ, ಆದರೆ ತಿಂಗಳುಗಟ್ಟಲೆ ಬಯಲಿಗೆ ಬಿದ್ದಿದ್ದರೆ ಸಾಕಾಗುತ್ತದೆ.

ಅದಕ್ಕೇ ತಯಾರಕರು ಎಣ್ಣೆ ಕಡೆಯ ತುದಿಯನ್ನು ಎಣ್ಣೆ ಅಥವಾ ಒಣ ಅನಿಲ ತುಂಬಿದ ಲೋಹದ ಡಬ್ಬದಲ್ಲೋ, ತೇವ ಹೀರುವ ಪೊಟ್ಟಣಗಳಿರುವ ಅಲ್ಯೂಮಿನಿಯಂ ಲೇಪಿತ ಚೀಲದಲ್ಲೋ ಮುಚ್ಚಿ ಕಳಿಸುತ್ತಾರೆ. ಬಂದ ಕೂಡಲೇ ನೋಡಬೇಕಾದ್ದು: ಪೆಟ್ಟಿಗೆಯ ಶಾಕ್ ಸೂಚಕ, ಚೀಲದ ಸೀಲ್, ತೇವ ಸೂಚಕದ ಬಣ್ಣ. ನೋಡಲೆಂದು ಚೀಲ ಹರಿದರೆ ಹೊಸ ತೇವಹೀರಿ ಹಾಕಿ ಮತ್ತೆ ಬೆಸೆದು ಮುಚ್ಚಬೇಕು. ಟೇಪ್ ಸುತ್ತಿ ಬಿಟ್ಟರೆ ಅದು ಮುಚ್ಚಿದಂತಲ್ಲ. ಆರು ತಿಂಗಳಿಗಿಂತ ಹೆಚ್ಚು ಕಾಲ ಇಡುವುದಾದರೆ ಬರೀ ಚೀಲವನ್ನು ನೆಚ್ಚಬೇಡಿ, ಡಬ್ಬಕ್ಕೇ ಹೋಗಿ.

ತೇವ ಸೇರಿದ್ದು ಮೊದಲು ತಿಳಿಯುವುದು ಸಿ2ರ ಟ್ಯಾನ್ ಡೆಲ್ಟಾದಲ್ಲಿ. ಹೊರಗಿನ ಪದರಗಳು ಅದರ ಪಾಲಿನವು ತಾನೇ? ಸಿ1 ಇನ್ನೂ ಚೆನ್ನಾಗಿಯೇ ಕಾಣುತ್ತಿರುವಾಗ ಸಿ2 ಏರಿದ್ದರೆ ಅನುಮಾನ ಉಗ್ರಾಣದ ಮೇಲೆ. 50 ಹರ್ಟ್ಜ್‌ನಲ್ಲಿ ಸ್ಪಷ್ಟವಾಗದ್ದು ಒಂದು ಹರ್ಟ್ಜ್‌ಗಿಂತ ಕೆಳಗಿನ ಆವರ್ತನಗಳಲ್ಲಿ ಅಳೆದರೆ ಎದ್ದು ಕಾಣುತ್ತದೆ. ಈ ತೇವವನ್ನು ಒಣಗಿಸಿ ತೆಗೆಯಬಹುದು, ಆದರೆ ಒಳಕ್ಕೆ ಹೋಗಲು ತೆಗೆದುಕೊಂಡಂತೆಯೇ ಹೊರಬರಲೂ ಸಮಯ ತೆಗೆದುಕೊಳ್ಳುತ್ತದೆ. ನಿಯಂತ್ರಿತ ಉಷ್ಣತೆಯ ಒಲೆಯಲ್ಲಿ ವಾರಗಟ್ಟಲೆ ಇಡಬೇಕಾದೀತು, ಅದೂ ತಯಾರಕರು ಹೇಳಿದ ಉಷ್ಣತೆಯಲ್ಲಿ. ಬ್ಲೋಟಾರ್ಚ್, ಹೀಟರ್ ಹಿಡಿದು ಮೈ ಬಿಸಿ ಮಾಡಿದರೆ ಬಿರುಕು ಖಂಡಿತ.

ಕೂರಿಸುವ ದಿನ

ಪೆಟ್ಟಿಗೆಯನ್ನು ಹಿಂದಿನ ದಿನವೇ ಕೆಲಸದ ಜಾಗಕ್ಕೆ ತಂದಿಡುವುದು ಒಳ್ಳೆಯದು. ತಣ್ಣಗಿನ ಬುಶಿಂಗ್ ಅನ್ನು ಬಿಸಿ ಗಾಳಿಗೆ ತೆರೆದರೆ ಮೈಮೇಲೆ ಹನಿಗಟ್ಟುತ್ತದೆ. ಪೆಟ್ಟಿಗೆಯಲ್ಲಿರುವಾಗಲೇ ಒಮ್ಮೆ ಸಿ1, ಟ್ಯಾನ್ ಡೆಲ್ಟಾ ಅಳೆದು ನಾಮಫಲಕದ ಅಂಕಿಯೊಂದಿಗೆ ಹೋಲಿಸಿ. ಎತ್ತುವಾಗ ಪಟ್ಟಿಗಳು ಫ್ಲ್ಯಾಂಜ್‌ನ ಕೊಂಡಿಗಳಲ್ಲಿರಬೇಕು. ಸಿಲಿಕೋನ್ ರೆಕ್ಕೆಗಳಿಗೆ ಹಗ್ಗ ತಾಗಬಾರದು, ಬುಶಿಂಗ್ ಅವುಗಳ ಮೇಲೆ ಕೂರಲೂಬಾರದು. ಮಡಿಚಿಕೊಂಡ ರೆಕ್ಕೆ ಬುಡದಲ್ಲಿ ಸೀಳಿದರೆ ತೇಪೆಯಿಂದ ಸರಿಹೋಗುವುದಿಲ್ಲ.

ಎಣ್ಣೆ ಕಡೆಯ ಮುಚ್ಚಳವನ್ನು ಕೊನೆಯ ಗಳಿಗೆಯಲ್ಲಿ ತೆಗೆಯಿರಿ. ನಾರು ಬಿಡದ ಬಟ್ಟೆಯಿಂದ ಮೈ ಒರೆಸಿ, ಹೊಸ ಓ-ರಿಂಗ್ ಹಾಕಿ, ಅದು ಕೂರುವ ತೋಡಿನಲ್ಲಿ ಕಸ, ಬಣ್ಣದ ಚಕ್ಕೆ ಇಲ್ಲವೆಂದು ಬೆರಳಾಡಿಸಿ ನೋಡಿ. ಬೋಲ್ಟ್‌ಗಳನ್ನು ಎದುರು ಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಒಂದೇ ಕಡೆ ಮೊದಲು ಬಿಗಿದರೆ ಫ್ಲ್ಯಾಂಜ್ ಓರೆಯಾಗಿ ಓ-ರಿಂಗ್ ಕಚ್ಚಿಕೊಳ್ಳುತ್ತದೆ.

ಆಮೇಲೆ ಗಾಳಿ. ಟ್ಯಾಂಕಿನ ಮೇಲೆ ಬುಶಿಂಗ್ ಕೂರುವ ಕುತ್ತಿಗೆಯಂಥ ಭಾಗವಾದ ಟರೆಟ್‌ನ ಮೇಲ್ತುದಿಯಲ್ಲಿ, ಫ್ಲ್ಯಾಂಜ್‌ನ ಕೆಳಗೆ ಗಾಳಿಯ ಗುಂಪು ಸಿಕ್ಕಿಕೊಂಡರೆ ಅದು ಇರುವುದು ಎಣ್ಣೆಯೇ ಇರಬೇಕಾದ, ಕ್ಷೇತ್ರ ಬಲವಾಗಿರುವ ಜಾಗದಲ್ಲಿ. ನಿರ್ವಾತದಲ್ಲಿ ಎಣ್ಣೆ ತುಂಬಿದರೂ ಪ್ರತಿ ಟರೆಟ್‌ನ ಗಾಳಿ ಬಿಡುವ ಪ್ಲಗ್ ತೆರೆದು, ಗುಳ್ಳೆ ನಿಂತು ಬರೀ ಎಣ್ಣೆ ಬರುವವರೆಗೆ ಬಿಡಬೇಕು. ವೋಲ್ಟೇಜ್ ಕೊಡುವ ಮುನ್ನ ತಯಾರಕರು ಹೇಳಿದಷ್ಟು ಗಂಟೆ ಕಾಯಬೇಕು. ಒಣ ಬುಶಿಂಗ್‌ಗೆ ಕಾಯುವ ಅಗತ್ಯವಿಲ್ಲ ಎನ್ನುವ ಮಾತು ಅರ್ಧ ನಿಜ. ಬುಶಿಂಗ್ ಕಾಯದಿದ್ದರೂ ಸುತ್ತಲಿನ ಎಣ್ಣೆ ನೆಲೆಗೊಳ್ಳಬೇಕು.

ಟೆಸ್ಟ್ ಟ್ಯಾಪ್ ಎಂಬ ಸಣ್ಣ ಮುಚ್ಚಳ

ಫ್ಲ್ಯಾಂಜ್‌ನ ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಒಂದು ಮುಚ್ಚಳವಿರುತ್ತದೆ. ಕೊನೆಯ ಫಾಯಿಲ್‌ನಿಂದ ಬರುವ ತಂತಿಯನ್ನು ಆ ಮುಚ್ಚಳದೊಳಗಿನ ಸ್ಪ್ರಿಂಗ್ ಫ್ಲ್ಯಾಂಜ್‌ಗೆ, ಅಂದರೆ ಅರ್ಥ್‌ಗೆ, ಜೋಡಿಸುತ್ತದೆ. ಆ 18 ಮಿಲಿಆಂಪಿಯರ್ ಅರ್ಥ್ ಸೇರುವ ದಾರಿ ಇದೊಂದೇ. ಪರೀಕ್ಷೆ ಮುಗಿಸಿ ಮುಚ್ಚಳ ಹಾಕಲು ಮರೆತರೆ, ಅಥವಾ ದಾರ ಹಿಡಿಯದೆ ಓರೆಯಾಗಿ ತಿರುಗಿಸಿಟ್ಟರೆ, ಟ್ಯಾಪ್ ತೇಲುತ್ತದೆ. ಆಗ ಸಿ1, ಸಿ2 ಎರಡೂ ಸರಣಿಯಲ್ಲಿ ವೋಲ್ಟೇಜ್ ಹಂಚಿಕೊಳ್ಳುತ್ತವೆ. ಸಿ1 400, ಸಿ2 1,000 ಪಿಕೋಫ್ಯಾರಡ್ ಎಂದು ಹಿಡಿದರೆ ಟ್ಯಾಪ್ ಮೇಲೆ ಸುಮಾರು 40 ಕೆ.ವಿ. ಬರಲು ನೋಡುತ್ತದೆ. ಸಾಮಾನ್ಯ ಟೆಸ್ಟ್ ಟ್ಯಾಪ್‌ನ ಇನ್ಸುಲೇಷನ್ ಅನ್ನು ಪರೀಕ್ಷಿಸುವುದು 2 ಕೆ.ವಿ.ಗೆ. ಟ್ಯಾಪ್‌ನಲ್ಲಿ ಕಿಡಿ ಶುರುವಾಗುತ್ತದೆ, ರೆಸಿನ್ ಸುಡುತ್ತದೆ, ಹೊರ ಪದರಗಳು ಒಂದೊಂದಾಗಿ ಹೋಗುತ್ತವೆ.

ಎಣ್ಣೆ ಬುಶಿಂಗ್‌ಗೂ ಈ ಅಪಾಯ ಇದ್ದದ್ದೇ. ಆದರೂ ಒಣ ಬುಶಿಂಗ್‌ನ ಸಂದರ್ಭದಲ್ಲಿ ಒತ್ತಿ ಹೇಳಲು ಕಾರಣವಿದೆ. ಆನ್‌ಲೈನ್ ನಿಗಾ ವ್ಯವಸ್ಥೆಯ ಸೆನ್ಸರ್‌ಗಳನ್ನು ಕೂರಿಸುವುದು ಇದೇ ಟ್ಯಾಪ್‌ಗೆ. ಮುಚ್ಚಳ ತೆಗೆದು ಅಡಾಪ್ಟರ್ ಹಾಕುತ್ತಾರೆ; ಬೇರೊಂದು ಮಾದರಿಯ ಬುಶಿಂಗ್‌ಗೆ ಮಾಡಿದ ಅಡಾಪ್ಟರ್ ಸುಮಾರಾಗಿ ಹೊಂದಿಕೊಂಡರೂ ಒಳಗಿನ ಪಿನ್ ತಾಗದೇ ಇರಬಹುದು, ಅಥವಾ ಸೀಲ್ ಕೂರದೆ ಮಳೆನೀರು ಇಳಿಯಬಹುದು. ಬುಶಿಂಗ್ ಕಾಯಲೆಂದು ಹಾಕಿದ ಸಾಧನವೇ ಅದನ್ನು ಕೊಲ್ಲುವ ದಾರಿ ಇದು. ನಮ್ಮ ಸಲಹೆ: ಅಡಾಪ್ಟರ್ ಆ ಬುಶಿಂಗ್ ಮಾದರಿಗೆಂದೇ ತಯಾರಕರು ಒಪ್ಪಿದ್ದಾಗಿರಬೇಕು, ಅರ್ಥ್ ಸಂಪರ್ಕ ಕಡಿದರೂ ಟ್ಯಾಪ್ ವೋಲ್ಟೇಜ್ ಏರದಂತೆ ಒಳಗೇ ರಕ್ಷಣೆ ಇರಬೇಕು. ಮುಚ್ಚಳ ಮತ್ತೆ ಹಾಕಿದ ಮೇಲೆ ಅರ್ಥ್ ಆಗಿದೆ ಎಂದು ಮೀಟರ್‌ನಿಂದ ಖಚಿತಪಡಿಸಿ, ಆ ಸಾಲಿಗೆ ಇಬ್ಬರು ಸಹಿ ಹಾಕುವ ಪದ್ಧತಿ ಇಟ್ಟುಕೊಳ್ಳಿ.

ಅಳತೆ, ಅದರ ಅರ್ಥ

ಎಣ್ಣೆ ಬುಶಿಂಗ್‌ನಿಂದ ಸ್ಯಾಂಪಲ್ ತೆಗೆದು ತೇವಾಂಶ, ಕರಗಿದ ಅನಿಲಗಳನ್ನು ನೋಡಬಹುದು. ನಾರ್ತ್ ಹೈಡ್‌ನಲ್ಲಿ ಸುಳಿವು ಸಿಕ್ಕಿದ್ದು ಹಾಗೆಯೇ. ಒಣ ಬುಶಿಂಗ್‌ನಲ್ಲಿ ಆ ಬಾಗಿಲು ಮುಚ್ಚಿದೆ. ಉಳಿಯುವುದು ವಿದ್ಯುತ್ ಅಳತೆಗಳು ಮಾತ್ರ. ಹಾಗಾಗಿ ಮೊದಲ ದಿನದ ಅಳತೆ ದಾಖಲಾಗದ ಒಣ ಬುಶಿಂಗ್ ಅನ್ನು ಮುಂದೆ ಓದುವುದೇ ಕಷ್ಟ.

ಸಿ1 ಅಳೆಯಲು 10 ಕೆ.ವಿ. ಕೊಟ್ಟು, ಟ್ಯಾಪ್‌ನಿಂದ ಕರೆಂಟು ಪಡೆಯುತ್ತಾರೆ. ಹೈವೋಲ್ಟೇಜ್ ವೈಂಡಿಂಗ್‌ನ ಎಲ್ಲ ತುದಿಗಳನ್ನೂ, ನ್ಯೂಟ್ರಲ್ ಸೇರಿಸಿ, ಒಟ್ಟಿಗೆ ಕಟ್ಟಬೇಕು. ಉಳಿದ ವೈಂಡಿಂಗ್‌ಗಳನ್ನು ಒಟ್ಟಿಗೆ ಕಟ್ಟಿ ಅರ್ಥ್ ಮಾಡಬೇಕು. ಹೀಗೆ ಮಾಡದಿದ್ದರೆ ವೈಂಡಿಂಗ್‌ನ ಇಂಡಕ್ಟೆನ್ಸ್ ಅಳತೆಯೊಳಗೆ ನುಸುಳುತ್ತದೆ. ಸಿ2 ಅಳೆಯುವಾಗ ಟ್ಯಾಪ್‌ಗೆ ಅದು ತಾಳುವಷ್ಟೇ ವೋಲ್ಟೇಜ್ ಕೊಡಬೇಕು, ಸಾಮಾನ್ಯವಾಗಿ 500 ವೋಲ್ಟ್. ಇಲ್ಲಿಯೂ 10 ಕೆ.ವಿ. ಒತ್ತಿದರೆ ಟ್ಯಾಪ್ ಅಲ್ಲೇ ಮುಗಿಯುತ್ತದೆ. ಮೈ ಒಣಗಿ ಶುಭ್ರವಾಗಿರಬೇಕು. ಟ್ಯಾನ್ ಡೆಲ್ಟಾ ಮೈನಸ್‌ನಲ್ಲಿ ಬಂದರೆ ಬುಶಿಂಗ್ ವಿಶೇಷ ಚೆನ್ನಾಗಿದೆ ಎಂದಲ್ಲ. ಮೈಮೇಲಿನ ತೇವ ಅಥವಾ ಫ್ಲ್ಯಾಂಜ್‌ನ ಸಡಿಲ ಅರ್ಥ್ ಅನ್ನು ಹುಡುಕಿ.

ಉಷ್ಣತೆಯ ತಿದ್ದುಪಡಿಯಲ್ಲಿ ಆಗಾಗ ಕಾಣುವ ತಪ್ಪೆಂದರೆ ಎಣ್ಣೆ ಕಾಗದದ ಪಟ್ಟಿಯನ್ನೇ ರೆಸಿನ್ ಬುಶಿಂಗ್‌ಗೂ ಬಳಸುವುದು. ಎರಡರ ವರ್ತನೆ ಬೇರೆ. ಆಯಾ ತಯಾರಕರ ಪಟ್ಟಿಯನ್ನೇ ಹಿಡಿಯಬೇಕು. ಕೋರ್‌ನ ಉಷ್ಣತೆಯನ್ನು ಮೇಲಿನ ಎಣ್ಣೆ ಮತ್ತು ಗಾಳಿಯ ಉಷ್ಣತೆಗಳ ನಡುವೆ ಅಂದಾಜಿಸಬೇಕಾಗುತ್ತದೆ.

ಅಂಕಿಗಳನ್ನು ಓದುವ ಕ್ರಮ ಹೀಗೆ. ಕೆಪ್ಯಾಸಿಟೆನ್ಸ್ ಏರಿ ಟ್ಯಾನ್ ಡೆಲ್ಟಾ ಅಷ್ಟಾಗಿ ಬದಲಾಗದಿದ್ದರೆ ಪದರ ಶಾರ್ಟ್ ಆಗಿರುವ ಅನುಮಾನ. ಮೇಲಿನ 40 ಪದರಗಳ ಉದಾಹರಣೆಯಲ್ಲಿ ಶೇ. 2.5 ಎಂದರೆ ಒಂದು ಪದರ, ಶೇ. 5 ದಾಟಿದರೆ ಎರಡು. ಪದರ ಕಡಿಮೆಯಿರುವ ಸಣ್ಣ ಬುಶಿಂಗ್‌ನಲ್ಲಿ ಒಂದೇ ಪದರಕ್ಕೆ ಶೇ. 4ರಷ್ಟಾಗಬಹುದು. ಎಲ್ಲ ವರ್ಗಕ್ಕೂ ಒಂದೇ ಶೇಕಡಾವಾರು ಮಿತಿ ಇಟ್ಟುಕೊಂಡರೆ ದೊಡ್ಡ ಬುಶಿಂಗ್‌ಗಳ ಎಚ್ಚರಿಕೆ ತಡವಾಗಿ ಬರುತ್ತದೆ ಎನ್ನುವುದು ಇದರಿಂದಲೇ ತಿಳಿಯುತ್ತದೆ. ಕೆಪ್ಯಾಸಿಟೆನ್ಸ್ ಹಾಗೇ ಇದ್ದು ಟ್ಯಾನ್ ಡೆಲ್ಟಾ ಏರುತ್ತಿದ್ದರೆ ತೇವ ಅಥವಾ ಮುಪ್ಪು. ಮೊದಲ ಅಂಕಿಯ ಎರಡರಷ್ಟಾದರೆ ಅಳತೆಯ ಅಂತರ ಕಡಿಮೆ ಮಾಡಿ, ಮೂರರಷ್ಟಾದರೆ ಬುಶಿಂಗ್ ಇಳಿಸಿ. 2 ಕೆ.ವಿ.ಯಲ್ಲಿ ಒಂದು, 10 ಕೆ.ವಿ.ಯಲ್ಲಿ ಇನ್ನೊಂದು ಟ್ಯಾನ್ ಡೆಲ್ಟಾ ಬಂದರೆ ಫಾಯಿಲ್‌ನಿಂದ ಟ್ಯಾಪ್‌ವರೆಗಿನ ಸಂಪರ್ಕ ಸಡಿಲವಾಗಿರಬಹುದು. ಒಂದೇ ಮಾದರಿಯ ಮೂರು ಫೇಸ್‌ಗಳಲ್ಲಿ ಒಂದು ಮಾತ್ರ ಬೇರೆ ದಾರಿ ಹಿಡಿದರೆ, ಅದರ ಅಂಕಿ ಮಿತಿಯೊಳಗೇ ಇದ್ದರೂ, ಅದನ್ನು ಆರೋಗ್ಯವಂತ ಎನ್ನಬೇಡಿ.

ಒಣಗಿದ್ದೂ ತಪ್ಪದ ಅಪಾಯಗಳು

ಬುಶಿಂಗ್‌ನ ಸ್ವಂತ ಎಣ್ಣೆ ಹೋಯಿತು, ಪಿಂಗಾಣಿ ಚೂರು ಹಾರುವುದು ತಪ್ಪಿತು. ಇವು ದೊಡ್ಡ ಲಾಭಗಳು, ಪಕ್ಕದಲ್ಲಿ ಕೆಲಸ ಮಾಡುವವರ ಜೀವಕ್ಕೆ ಸಂಬಂಧಿಸಿದ ಲಾಭಗಳು. ಆದರೆ ಟ್ಯಾಂಕಿನೊಳಗೆ ಸಾವಿರಾರು ಲೀಟರ್ ಎಣ್ಣೆ ಇದ್ದೇ ಇದೆ. ಬುಶಿಂಗ್‌ನ ಕೆಳತುದಿಯಲ್ಲಿ ಆರ್ಕ್ ಹೊಡೆದರೆ ಟರೆಟ್ ಸೀಳಿ ಆ ಎಣ್ಣೆ ಹೊರಬಂದು ಹೊತ್ತಿಕೊಳ್ಳಬಹುದು. ಬೆಂಕಿ ತಡೆ ಗೋಡೆ, ನೀರು ಸಿಂಪಡಿಸುವ ವ್ಯವಸ್ಥೆ, ಎಣ್ಣೆ ಹಿಡಿಯುವ ಗುಂಡಿ, ಇವುಗಳಲ್ಲಿ ಯಾವುದನ್ನೂ ಒಣ ಬುಶಿಂಗ್ ನೆಪದಲ್ಲಿ ಬಿಡುವಂತಿಲ್ಲ.

ಇನ್ನೊಂದು ಜಾಗ ತಲೆಯ ಮೇಲಿನ ಸೀಲ್. ಡ್ರಾ ಲೀಡ್ ಬಗೆಯಲ್ಲಿ ವೈಂಡಿಂಗ್‌ನಿಂದ ಬರುವ ಕೇಬಲ್ಲು ಬುಶಿಂಗ್‌ನ ನಡುಕೊಳವೆಯೊಳಗಿಂದ ಹಾದು ತುದಿಯ ಟರ್ಮಿನಲ್‌ಗೆ ಸೇರುತ್ತದೆ. ಆ ಕೊಳವೆ ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ತೆರೆದುಕೊಂಡಿರುತ್ತದೆ. ತುದಿ ಕನ್ಸರ್ವೇಟರ್‌ನ (ಎಣ್ಣೆ ಹಿಗ್ಗಲೆಂದು ಟ್ಯಾಂಕಿನ ಮೇಲಿರುವ ಪೀಪಾಯಿಯ) ಎಣ್ಣೆ ಮಟ್ಟಕ್ಕಿಂತ ಮೇಲಿದ್ದರೆ ಸೀಲ್ ಕೆಟ್ಟಾಗ ಎಣ್ಣೆ ಸೋರಿ ಸುಳಿವು ಕೊಡುವುದೂ ಇಲ್ಲ. ಮಳೆ ಬಿದ್ದು ಟ್ರಾನ್ಸ್‌ಫಾರ್ಮರ್ ತಣಿದಾಗ ನೀರು ಒಳಕ್ಕೆ ಎಳೆದುಕೊಂಡು ಕೊಳವೆಯಲ್ಲಿ ಜಾರಿ ನೇರ ವೈಂಡಿಂಗ್ ಲೀಡ್ ಮೇಲೆ ಬೀಳುತ್ತದೆ. ಬುಶಿಂಗ್‌ನ ಟ್ಯಾನ್ ಡೆಲ್ಟಾದಲ್ಲಿ ಇದರ ಸುಳಿವೂ ಇರುವುದಿಲ್ಲ. ಟರ್ಮಿನಲ್ ಬಿಚ್ಚಿದ ಪ್ರತಿ ಸಲವೂ ಅಲ್ಲಿನ ಗ್ಯಾಸ್ಕೆಟ್ ಹೊಸದಾಗಬೇಕು. ಹಳೆಯದನ್ನೇ ಗ್ರೀಸ್ ಹಚ್ಚಿ ಕೂರಿಸುವ ರೂಢಿ ನಿಲ್ಲಬೇಕು.

ಸಿಲಿಕೋನ್ ರೆಕ್ಕೆಗಳ ಮೇಲೆ ನೀರು ಹರಡದೆ ಹನಿಹನಿಯಾಗಿ ನಿಲ್ಲುತ್ತದೆ. ಧೂಳು ಕೂತರೂ ಆ ಗುಣ ನಿಧಾನವಾಗಿ ಧೂಳಿನ ಪದರಕ್ಕೂ ಹರಡುತ್ತದೆ. ಹಾಗೆಂದು ಸಮುದ್ರದಂಡೆ, ಸಿಮೆಂಟ್ ಕಾರ್ಖಾನೆಯ ಬಳಿ ಕ್ರೀಪೇಜ್ ಉದ್ದ, ಅಂದರೆ ರೆಕ್ಕೆಗಳ ಮೈಗುಂಟ ಅಳೆದ ದಾರಿಯ ಉದ್ದ, ಕಡಿತ ಮಾಡಬೇಡಿ. 245 ಕೆ.ವಿ. ಬುಶಿಂಗ್‌ಗೆ, ಪ್ರತಿ ಕೆ.ವಿ.ಗೆ 31 ಮಿಲಿಮೀಟರ್‌ನಂತೆ ಸುಮಾರು 7.6 ಮೀಟರ್ ಆಗುತ್ತದೆ. ಹೈ ಪ್ರೆಶರ್ ನೀರಿನಿಂದ ತೊಳೆಯುವ ಮುನ್ನ ತಯಾರಕರ ಅನುಮತಿ ನೋಡಿ.

ಹಳೆಯದನ್ನು ಬದಲಿಸುವಾಗ

ಟ್ರಾನ್ಸ್‌ಫಾರ್ಮರ್ ಹೊಸದಾಗಿ ಸಿಗಲು ದೀರ್ಘಕಾಲ ಕಾಯಬೇಕಾದ ಈ ದಿನಗಳಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್‌ಗೆ ಒಣ ಬುಶಿಂಗ್ ಹಾಕಿ ಆಯುಷ್ಯ ಬೆಳೆಸುವ ಯೋಚನೆ ಒಳ್ಳೆಯದೇ. ವೋಲ್ಟೇಜ್, ಆಂಪಿಯರ್ ಎರಡು ಅಂಕಿ ಹಿಡಿದು ಆರ್ಡರ್ ಕೊಟ್ಟರೆ ಮಾತ್ರ ಎಡವಟ್ಟಾಗುತ್ತದೆ. ಫ್ಲ್ಯಾಂಜ್‌ನ ಬೋಲ್ಟ್ ವೃತ್ತ, ಎಣ್ಣೆ ಕಡೆಯ ಉದ್ದ, ಕೆಳತುದಿಯ ಶೀಲ್ಡ್‌ನ ವ್ಯಾಸ, ಟರೆಟ್ ಗೋಡೆಗೆ ಉಳಿಯುವ ಅಂತರ, ಕರೆಂಟು ಅಳೆಯುವ ಬುಶಿಂಗ್ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗೆಂದು ಫ್ಲ್ಯಾಂಜ್‌ನ ಕೆಳಗಿನ ಅರ್ಥ್ ಆದ ಕೊಳವೆ ಭಾಗದಲ್ಲಿ ಬಿಟ್ಟಿರುವ ಜಾಗ, ಇವಷ್ಟೂ ಹೊಂದಬೇಕು. ಕೆಳತುದಿ ಇಪ್ಪತ್ತು ಮಿಲಿಮೀಟರ್ ಆಚೀಚೆಯಾದರೂ ಶೀಲ್ಡ್‌ನ ಸುತ್ತಲಿನ ಕ್ಷೇತ್ರ ಬದಲಾಗುತ್ತದೆ; ಅಂಥ ಬದಲಾವಣೆಗೆ ಟ್ರಾನ್ಸ್‌ಫಾರ್ಮರ್ ವಿನ್ಯಾಸಕರ ಲೆಕ್ಕ ಬೇಕೇ ಬೇಕು.

ಕರೆಂಟಿನ ರೇಟಿಂಗ್ ಅನ್ನೂ ಹೊಸದಾಗಿ ನೋಡಬೇಕು. ಓಐಪಿಯಲ್ಲಿ ಕೋರ್ ಸುತ್ತಲಿನ ಎಣ್ಣೆ ಸುತ್ತಾಡಿ ಒಂದಿಷ್ಟು ಶಾಖ ಸಾಗಿಸುತ್ತಿತ್ತು. ಘನ ರೆಸಿನ್ ಮೂಲಕ ಶಾಖ ನಿಧಾನವಾಗಿ ಹೋಗುತ್ತದೆ. ಹಳೆಯ ಡ್ರಾ ಲೀಡ್ ಕೇಬಲನ್ನೇ ಉಳಿಸಿಕೊಂಡು ಹೊಸ ಬುಶಿಂಗ್‌ನ ನಾಮಫಲಕದ ಆಂಪಿಯರ್ ನಂಬಿದರೆ ಕೇಬಲ್ಲಿನ ಸುತ್ತ ಬಿಸಿ ಕೂಡುತ್ತದೆ. ಆ ಕೇಬಲ್ಲಿಗೆ, ಆ ಟ್ರಾನ್ಸ್‌ಫಾರ್ಮರ್‌ನ ಮೇಲಿನ ಎಣ್ಣೆಯ ಉಷ್ಣತೆಗೆ ಎಷ್ಟು ಆಂಪಿಯರ್ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಬದಲಿಸಲೇಬೇಕಾದ್ದು ಹಲವಿದ್ದು ಹಣ ಕಡಿಮೆಯಿದ್ದರೆ ವಯಸ್ಸು ನೋಡಿ ಸಾಲು ಕಟ್ಟಬೇಡಿ. ಎಣ್ಣೆ ಸೋರುತ್ತಿರುವುದು, ಗೇಜ್ ಮಟ್ಟ ಇಳಿದಿರುವುದು, ತೇವಾಂಶ ಅಥವಾ ಟ್ಯಾನ್ ಡೆಲ್ಟಾ ಏರುಮುಖವಾಗಿರುವುದು ಮೊದಲು. ಜನ ಓಡಾಡುವ, ಪಕ್ಕದಲ್ಲೇ ಇನ್ನೊಂದು ಟ್ರಾನ್ಸ್‌ಫಾರ್ಮರ್ ನಿಂತಿರುವ ಜಾಗದವು ಆಮೇಲೆ. ಒಂದೇ ಫೇಸ್ ಬದಲಿಸಿ ಉಳಿದೆರಡನ್ನು ಎಣ್ಣೆಯದೇ ಬಿಟ್ಟರೆ ಮೂರು ಫೇಸ್‌ಗಳನ್ನು ಹೋಲಿಸಿ ನೋಡುವ ಆನ್‌ಲೈನ್ ನಿಗಾ ಗೊಂದಲಕ್ಕೀಡಾಗುತ್ತದೆ, ಏಕೆಂದರೆ ಬಿಸಿಲೇರಿದಾಗ ಎರಡು ಬಗೆಯ ಇನ್ಸುಲೇಷನ್ ಎರಡು ರೀತಿ ನಡೆದುಕೊಳ್ಳುತ್ತದೆ. ಮೂರನ್ನೂ ಒಟ್ಟಿಗೆ ಬದಲಿಸಿ. ಜೊತೆಗೊಂದು ಸ್ಪೇರ್ ತಂದರೆ ಅದನ್ನು ಮುಚ್ಚಿದ ಡಬ್ಬದಲ್ಲಿಟ್ಟು, ವರ್ಷಕ್ಕೊಮ್ಮೆ ಸಿ1, ಸಿ2 ಎರಡನ್ನೂ ಅಳೆದು, ಸೇವೆಯಲ್ಲಿರುವ ಮೂರರ ದಾಖಲೆ ಇರುವ ಕಡತದಲ್ಲೇ ಅದರ ಅಂಕಿಗಳನ್ನೂ ಬರೆಯಿರಿ.